ನಂಬಿ ಕೊಡುವುದು ಹೇಗೆ: ಅನುದಾನದ ನಿರ್ಧಾರವನ್ನು ಸಮುದಾಯಕ್ಕೆ ಒಪ್ಪಿಸುವವರಿಗೊಂದು ಮಾರ್ಗದರ್ಶಿ

ಐದು ಕಡೆಯಿಂದ ದೇಣಿಗೆ ಪಡೆಯುವ ಸಣ್ಣ ಸಂಸ್ಥೆಯೊಂದು ಐದು ಬಗೆಯ ಅರ್ಜಿ ತುಂಬಬೇಕು, ಐದು ನಮೂನೆಯಲ್ಲಿ ಬಜೆಟ್ ಹಾಕಬೇಕು, ಮೂರು ತಿಂಗಳಿಗೊಮ್ಮೆ ಐದು ವರದಿ ಬರೆಯಬೇಕು. ಅಲ್ಲಿ ಕೆಲಸಕ್ಕಿರುವವರು ಮೂರೋ ನಾಲ್ಕೋ ಮಂದಿ. ಅವರಲ್ಲಿ ಒಬ್ಬರ ದುಡಿಮೆಯೆಲ್ಲ ಕಾಗದಪತ್ರಕ್ಕೇ ಹೋಗುತ್ತದೆ. ಹಣ ಕೊಟ್ಟವರು ಇದನ್ನು ಎಚ್ಚರಿಕೆ ಎಂದು ಕರೆಯುತ್ತಾರೆ. ಆದರೆ ಆ ಎಚ್ಚರಿಕೆಯ ಖರ್ಚನ್ನು ಭರಿಸುತ್ತಿರುವವರು ಯಾರು ಎಂದು ನೋಡಿದರೆ, ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಹಣ, ಅತಿ ಕಡಿಮೆ ಬಿಡುವು ಇರುವವರು.

ನಂಬಿಕೆ ಆಧಾರಿತ ಅನುದಾನ ಎಂದರೆ ಕಣ್ಣು ಮುಚ್ಚಿಕೊಂಡು ಹಣ ಕೊಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇಲ್ಲಿಯೂ ಪರಿಶೀಲನೆ ಇದೆ, ಲೆಕ್ಕ ಇದೆ. ಬದಲಾಗುವುದು ಎರಡು ಸಂಗತಿ. ಪರಿಶೀಲನೆಯ ಶ್ರಮ ಪಡೆಯುವವರ ಹೆಗಲಿನಿಂದ ಕೊಡುವವರ ಹೆಗಲಿಗೆ ಬರುತ್ತದೆ. ಯಾರಿಗೆ, ಯಾವುದಕ್ಕೆ ಎಂಬ ತೀರ್ಮಾನ, ಆ ತೀರ್ಮಾನದ ಫಲವನ್ನು ಅನುಭವಿಸಬೇಕಾದ ಜನರ ಕೈಗೆ ಹೋಗುತ್ತದೆ. ಮೊದಲನೆಯದನ್ನಷ್ಟೇ ಮಾಡಿ ಎರಡನೆಯದನ್ನು ಬಿಟ್ಟ ದಾನಿಗಳು ಬಹಳ ಇದ್ದಾರೆ. ಅರ್ಜಿ ಚಿಕ್ಕದಾಯಿತು, ವರದಿ ಸುಲಭವಾಯಿತು, ತೀರ್ಮಾನ ಮಾತ್ರ ಹಳೆಯ ಕೋಣೆಯಲ್ಲೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಅದು ಅರ್ಧ ಕೆಲಸ.

ಈ ವಿಚಾರ ಇಂದು ನಿನ್ನೆಯದಲ್ಲ. ಊರಿನ ಹಣವನ್ನು ಊರಿನವರೇ ಸೇರಿ ಹಂಚುವ ಉದ್ದೇಶದಿಂದ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೊದಲ ಸಮುದಾಯ ಪ್ರತಿಷ್ಠಾನ ಹುಟ್ಟಿದ್ದು 1914ರಲ್ಲಿ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ನಾಗರಿಕರ ಸಭೆಗಳ ತೀರ್ಮಾನಕ್ಕೆ ಬಿಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದ ವಿಟ್‌ಮನ್ ಇನ್‌ಸ್ಟಿಟ್ಯೂಟ್ ಎಂಬ ಸಣ್ಣ ಪ್ರತಿಷ್ಠಾನ ತಾನು ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿಗೆ ಸ್ಪಷ್ಟ ರೂಪ ಕೊಟ್ಟು, 2020ರಲ್ಲಿ ಬೇರೆ ಪ್ರತಿಷ್ಠಾನಗಳ ಜೊತೆಗೂಡಿ ಅದನ್ನೊಂದು ಆಂದೋಲನವನ್ನಾಗಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೋವಿಡ್ ಬಂತು. ಷರತ್ತು ಸಡಿಲಿಸುತ್ತೇವೆ, ಯೋಜನೆಗೆಂದು ಕೊಟ್ಟ ಹಣವನ್ನು ಅಗತ್ಯವಿದ್ದ ಕಡೆ ಬಳಸಲು ಬಿಡುತ್ತೇವೆ ಎಂಬ ಪ್ರತಿಜ್ಞೆಗೆ ಅಮೆರಿಕದಲ್ಲಿ 800ರಷ್ಟು ಪ್ರತಿಷ್ಠಾನಗಳು ಸಹಿ ಹಾಕಿದವು. ವರ್ಷಾನುಗಟ್ಟಲೆ ಆಗದು ಎನ್ನುತ್ತಿದ್ದ ಬದಲಾವಣೆ ಕೆಲವೇ ವಾರಗಳಲ್ಲಿ ಆಯಿತು.

ಕುಟುಂಬದ ಟ್ರಸ್ಟ್ ನಡೆಸುವವರು, ಗೆಳೆಯರೊಡನೆ ಸೇರಿ ನಿಧಿ ಕಟ್ಟಿದವರು, ಕಂಪನಿಯ ದೇಣಿಗೆ ಸಮಿತಿಯಲ್ಲಿ ಕೂರುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೊತ್ತ ದೊಡ್ಡದೇ ಆಗಿರಬೇಕಿಲ್ಲ.

ಹೆಜ್ಜೆ 1: ಯಾವುದನ್ನು ಬಿಟ್ಟುಕೊಡುತ್ತೀರಿ ಎಂದು ಮೊದಲು ಬರೆದಿಡಿ

ಸಮುದಾಯದ ಬಳಿ ಹೋಗುವ ಮುನ್ನ ಹಣ ಕೊಡುವವರೆಲ್ಲ ಒಟ್ಟಿಗೆ ಕೂತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಒಟ್ಟು ಎಷ್ಟು ಹಣ? ಎಷ್ಟು ವರ್ಷ? ಯಾವ ಯಾವ ತೀರ್ಮಾನಗಳು ನಮ್ಮ ಕೈ ಬಿಟ್ಟು ಹೋಗುತ್ತವೆ? ಯಾವುದರಲ್ಲಿ ನಾವು ರಾಜಿಯಾಗುವುದಿಲ್ಲ?

ಕೊನೆಯ ಪ್ರಶ್ನೆಯ ಉತ್ತರ ಚಿಕ್ಕದಾಗಿರಲಿ. ದೇಶದ ಕಾನೂನು, ಮಕ್ಕಳ ಸುರಕ್ಷತೆ, ಹಿಂಸೆಗೆ ಹಣ ಹೋಗಬಾರದು ಎಂಬಂಥವು ಸಾಕು. ಪಟ್ಟಿ ಹತ್ತು ಅಂಶಕ್ಕೆ ಬೆಳೆಯಿತೆಂದರೆ ನೀವಿನ್ನೂ ಬಿಟ್ಟುಕೊಡಲು ಸಿದ್ಧರಾಗಿಲ್ಲ.

ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ. ಸಮುದಾಯದ ಅಭಿಪ್ರಾಯ ಕೇಳಿ ನೀವೇ ತೀರ್ಮಾನಿಸುವುದು ಒಂದು ರೀತಿ. ಒಟ್ಟಿಗೆ ಕೂತು ತೀರ್ಮಾನಿಸುವುದು ಇನ್ನೊಂದು. ತೀರ್ಮಾನವನ್ನು ಪೂರ್ತಿ ಅವರಿಗೇ ಒಪ್ಪಿಸಿ, ಹಣ ಬಿಡುಗಡೆಯ ಕೆಲಸವನ್ನಷ್ಟೇ ನೀವು ಇಟ್ಟುಕೊಳ್ಳುವುದು ಮತ್ತೊಂದು. ಮೂರರಲ್ಲಿ ಯಾವುದನ್ನು ಆರಿಸಿದರೂ ತಪ್ಪಲ್ಲ. ಮೊದಲನೆಯದನ್ನು ಮಾಡುತ್ತಾ ಮೂರನೆಯದನ್ನು ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವುದು ತಪ್ಪು. ಜನ ತಮ್ಮ ಸಂಜೆಗಳನ್ನು ಕೊಟ್ಟು ಚರ್ಚಿಸಿ ಒಂದು ಪಟ್ಟಿ ಮಾಡಿದ ಮೇಲೆ ಮೇಲಿನವರು ಅದನ್ನು ತಿದ್ದಿದರೆ, ಆ ಸಮುದಾಯ ಮುಂದಿನ ದಾನಿಯನ್ನೂ ನಂಬುವುದಿಲ್ಲ. ವೀಟೊ ಅಧಿಕಾರ ನಿಮ್ಮ ಬಳಿಯೇ ಉಳಿಯುವುದಾದರೆ ಅದನ್ನು ಮೊದಲ ಸಭೆಯಲ್ಲೇ ಹೇಳಿ. ಯಾವ ಸಂದರ್ಭದಲ್ಲಿ ಬಳಸುತ್ತೀರಿ ಎಂಬುದನ್ನೂ ಹೇಳಿ.

ಹೆಜ್ಜೆ 2: ಪೂರ್ವತಯಾರಿ ನಿಮ್ಮದು

ಒಂದು ಸಂಸ್ಥೆಯ ನೋಂದಣಿ ದಾಖಲೆ, ಆಡಿಟ್ ವರದಿ, ಆಡಳಿತ ಮಂಡಳಿಯ ಹೆಸರುಗಳು ಎಷ್ಟೋ ಸಲ ಸರ್ಕಾರಿ ಜಾಲತಾಣದಲ್ಲೋ ಸಂಸ್ಥೆಯ ವಾರ್ಷಿಕ ವರದಿಯಲ್ಲೋ ಸಿಗುತ್ತವೆ. ಅವನ್ನು ನೀವೇ ಹುಡುಕಿ ಓದಿ. ಸಿಗದಿದ್ದುದನ್ನು ಮಾತ್ರ ಕೇಳಿ. ಆ ಸಂಸ್ಥೆ ಬೇರೊಬ್ಬ ದಾನಿಗೆ ಬರೆದ ಪ್ರಸ್ತಾವನೆ ಇದ್ದರೆ ಅದನ್ನೇ ಕಳುಹಿಸಲು ಹೇಳಿ, ನಿಮಗಾಗಿ ಹೊಸದಾಗಿ ಬರೆಸಬೇಡಿ.

ಕಾಗದಕ್ಕಿಂತ ಜನರ ಮಾತಿನಲ್ಲಿ ಹೆಚ್ಚು ತಿಳಿಯುತ್ತದೆ. ಈ ಪ್ರದೇಶದಲ್ಲಿ ಕಷ್ಟ ಬಂದಾಗ ಜನ ಮೊದಲು ಯಾರ ಬಾಗಿಲು ತಟ್ಟುತ್ತಾರೆ ಎಂದು ಶಿಕ್ಷಕರನ್ನು, ಆರೋಗ್ಯ ಕಾರ್ಯಕರ್ತೆಯರನ್ನು, ಅಂಗಡಿಯವರನ್ನು, ಯುವಕರನ್ನು ಬೇರೆ ಬೇರೆಯಾಗಿ ಕೇಳಿ. ಬೇರೆ ಬೇರೆ ಬಾಯಿಂದ ಅದೇ ಹೆಸರು ಮತ್ತೆ ಮತ್ತೆ ಬಂದರೆ ಅದಕ್ಕೆ ತೂಕವಿದೆ. ಹೊರಗಿನ ಹಣ ಬರುವ ಮುಂಚೆಯೇ ಅಲ್ಲಿನವರು ತಮ್ಮೊಳಗೆ ಹಣ, ಶ್ರಮ, ಜಾಗ ಹಂಚಿಕೊಂಡು ಏನನ್ನು ನಡೆಸುತ್ತಿದ್ದಾರೆ ಎಂಬುದನ್ನೂ ಗಮನಿಸಿ. ನಿಮ್ಮ ಹಣ ಸೇರಬೇಕಾದ್ದು ಅದರ ಜೊತೆಗೆ. ಅದನ್ನು ಬದಿಗೆ ತಳ್ಳುವಂತಾಗಬಾರದು.

ಇಲ್ಲೊಂದು ಅಪಾಯವಿದೆ, ಇದರ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ನಂಬಿಕೆ ತನ್ನಷ್ಟಕ್ಕೆ ಹರಿಯುವುದು ನಮ್ಮಂತೆಯೇ ಮಾತನಾಡುವವರ ಕಡೆಗೆ. ನಮ್ಮ ಕಾಲೇಜಿನವರು, ನಮ್ಮ ಭಾಷೆಯವರು, ನಮ್ಮ ಪರಿಚಯಸ್ಥರ ಪರಿಚಯಸ್ಥರು ನಂಬಲರ್ಹರಾಗಿ ಕಾಣುತ್ತಾರೆ. ಎಕೋಯಿಂಗ್ ಗ್ರೀನ್ ಮತ್ತು ಬ್ರಿಡ್ಜ್‌ಸ್ಪ್ಯಾನ್ ಸಂಸ್ಥೆಗಳು 2020ರಲ್ಲಿ ಅಮೆರಿಕದ ಸಮಾನ ಅರ್ಹತೆಯ ಸಂಸ್ಥೆಗಳನ್ನು ಹೋಲಿಸಿ ನೋಡಿದವು. ಕಪ್ಪು ವರ್ಣೀಯರು ಮುನ್ನಡೆಸುವ ಸಂಸ್ಥೆಗಳ ಆದಾಯ ಬಿಳಿಯರು ಮುನ್ನಡೆಸುವವಕ್ಕಿಂತ ಶೇ 24ರಷ್ಟು ಕಡಿಮೆ ಇತ್ತು. ಷರತ್ತಿಲ್ಲದ ನಿವ್ವಳ ಆಸ್ತಿಯಲ್ಲಂತೂ, ಅಂದರೆ ಸಾಲ ಕಳೆದು ಉಳಿದು ಸಂಸ್ಥೆ ತನಗೆ ಬೇಕಾದಂತೆ ಬಳಸಬಹುದಾದ ಆಸ್ತಿಯಲ್ಲಿ, ಅಂತರ ಶೇ 76ರಷ್ಟಿತ್ತು. ದಾನಿಗಳು ಹೆಚ್ಚು ನಂಬಿದಾಗ ಕೊಡುವ ಹಣದಲ್ಲಿ, ಅಂದರೆ ಷರತ್ತಿಲ್ಲದ ಹಣದಲ್ಲಿ, ತಾರತಮ್ಯವೂ ಹೆಚ್ಚು. ಆದ್ದರಿಂದ ಪೂರ್ವತಯಾರಿಯ ಪಟ್ಟಿಯಲ್ಲಿ ನಿಮ್ಮ ಬಳಗಕ್ಕೆ ಯಾವ ಸಂಬಂಧವೂ ಇಲ್ಲದ ಸಂಸ್ಥೆಗಳು ಕನಿಷ್ಠ ಅರ್ಧದಷ್ಟಾದರೂ ಇರಲೇಬೇಕು ಎಂಬ ನಿಯಮ ಹಾಕಿಕೊಳ್ಳಿ. ಅವು ತಾವಾಗಿ ನಿಮ್ಮ ಬಳಿ ಬರುವುದಿಲ್ಲ, ನೀವೇ ಹೋಗಬೇಕು.

ಹೆಜ್ಜೆ 3: ತೀರ್ಮಾನಿಸುವ ಗುಂಪನ್ನು ಕಟ್ಟಿ

ಇಡೀ ಪದ್ಧತಿಯ ಜೀವ ಇಲ್ಲಿದೆ. ಈ ಹೆಜ್ಜೆಗೆ ಆರು ತಿಂಗಳು ಹಿಡಿದರೂ ಹಿಡಿಯಲಿ.

ಯಾರಿರಬೇಕು? ಇಂಗ್ಲೆಂಡಿನ ಬಿಗ್ ಲೋಕಲ್ ಕಾರ್ಯಕ್ರಮದಲ್ಲಿ ಲಾಟರಿ ನಿಧಿಯಿಂದ 150 ಪ್ರದೇಶಗಳಿಗೆ ತಲಾ ಕನಿಷ್ಠ 10 ಲಕ್ಷ ಪೌಂಡ್ ಮೀಸಲಿಡಲಾಯಿತು. ಖರ್ಚು ಮಾಡಲು ಹತ್ತರಿಂದ ಹದಿನೈದು ವರ್ಷಗಳ ಕಾಲಾವಕಾಶ ಕೊಟ್ಟು, ತೀರ್ಮಾನಿಸುವ ಗುಂಪಿನಲ್ಲಿ ಅಲ್ಲಿನ ನಿವಾಸಿಗಳೇ ಬಹುಮತದಲ್ಲಿರಬೇಕು ಎಂದು ನಿಯಮ ಮಾಡಲಾಯಿತು. 2012ರಲ್ಲಿ ಆರಂಭವಾದ ರೆಡ್ ಅಂಬ್ರೆಲಾ ಫಂಡ್ ಲೈಂಗಿಕ ಕಾರ್ಯಕರ್ತರ ಸಂಘಟನೆಗಳಿಗೆ ಅನುದಾನ ಕೊಡುತ್ತದೆ. ಅದರ ತೀರ್ಮಾನ ಸಮಿತಿಯಲ್ಲಿ ಬಹುಮತ ಲೈಂಗಿಕ ಕಾರ್ಯಕರ್ತರದ್ದೇ. 2008ರ ಡಿಸೆಬಿಲಿಟಿ ರೈಟ್ಸ್ ಫಂಡ್‌ನಲ್ಲಿ ದಾನಿಗಳೂ ಅಂಗವಿಕಲ ಹೋರಾಟಗಾರರೂ ಒಂದೇ ಮೇಜಿನಲ್ಲಿ ಕೂತು ಅನುದಾನ ನಿರ್ಧರಿಸುತ್ತಾರೆ. ಯುವ ಸ್ತ್ರೀವಾದಿ ಗುಂಪುಗಳಿಗೆ ನೆರವಾಗುವ ಫ್ರಿಡಾ ನಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಜಿ ಹಾಕಿದ ಗುಂಪುಗಳಿಂದಲೇ ತಮ್ಮ ಪ್ರದೇಶದ ಬೇರೆ ಅರ್ಜಿಗಳಿಗೆ ಮತ ಹಾಕಿಸುತ್ತದೆ. ಸೋತವರಿಗೂ ಇದರಲ್ಲಿ ಸಿಗುವುದೊಂದಿದೆ: ತಮ್ಮ ಸುತ್ತಮುತ್ತ ಇನ್ನಾರು ಏನು ಮಾಡುತ್ತಿದ್ದಾರೆ ಎಂಬ ತಿಳಿವಳಿಕೆ. ಭಾರೀ ಮೊತ್ತದ ನಿಧಿಗಳಲ್ಲೂ ಇಂಥ ಪ್ರಯೋಗ ನಡೆದಿದೆ. ಅಮೆರಿಕದ ಭಾರೀ ದಾನಿ ಮೆಕೆಂಝಿ ಸ್ಕಾಟ್ 2023ರಲ್ಲಿ ಕರೆದ ಮುಕ್ತ ಅರ್ಜಿಗೆ ಆರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಬಂದವು. ಅವುಗಳನ್ನು ಮೊದಲು ಪರಿಶೀಲಿಸಿದ್ದು ಅರ್ಜಿ ಹಾಕಿದ್ದ ಇತರ ಸಂಸ್ಥೆಗಳೇ. 2024ರ ಮಾರ್ಚ್‌ನಲ್ಲಿ 361 ಸಂಸ್ಥೆಗಳಿಗೆ ಒಟ್ಟು 64 ಕೋಟಿ ಡಾಲರ್ ಹೋಯಿತು.

ನಿಮ್ಮದು ಸಣ್ಣ ನಿಧಿಯಾದರೆ ಏಳರಿಂದ ಹನ್ನೊಂದು ಜನರ ಗುಂಪು ಸಾಕು. ಆರಿಸುವಾಗ ಒಂದು ಎಚ್ಚರ. ಸಮುದಾಯದ ಪ್ರತಿನಿಧಿ ಯಾರು ಎಂದು ಕೇಳಿದ ಕೂಡಲೇ ಮುಂದೆ ಬರುವವರು ಸಾಮಾನ್ಯವಾಗಿ ಅಲ್ಲಿ ಈಗಾಗಲೇ ಅಧಿಕಾರ ಇರುವವರು. ಸಮುದಾಯ ಎನ್ನುವುದು ಒಂದೇ ದನಿಯ ವಸ್ತುವಲ್ಲ. ಅದರೊಳಗೆ ಮೇಲು ಕೀಳಿದೆ, ಹಳೆಯ ಮುನಿಸುಗಳಿವೆ, ಸಭೆಯಲ್ಲಿ ಬಾಯಿ ಬಿಡದ ಹೆಂಗಸರಿದ್ದಾರೆ. ಆದ್ದರಿಂದ ಅರ್ಧ ಸ್ಥಾನಗಳನ್ನು ಜನರೇ ಹೆಸರಿಸಲಿ. ಉಳಿದ ಸ್ಥಾನಗಳಿಗೆ, ಇದುವರೆಗೆ ಯಾವ ಸಮಿತಿಯಲ್ಲೂ ಇರದವರಲ್ಲಿ ಆಸಕ್ತಿ ತೋರಿದವರ ಹೆಸರು ಬರೆದು ಚೀಟಿ ಎತ್ತಿ. ಚೀಟಿ ಎತ್ತುವುದು ಗಂಭೀರ ವಿಧಾನವಲ್ಲ ಎಂದು ಯಾರಾದರೂ ಮೂಗು ಮುರಿದರೆ, ಬ್ರಿಟಿಷ್ ಅಕಾಡೆಮಿ 2022ರಿಂದ ತನ್ನ ಸಣ್ಣ ಸಂಶೋಧನಾ ಅನುದಾನಗಳಲ್ಲಿ ಗುಣಮಟ್ಟ ದಾಟಿದ ಅರ್ಜಿಗಳ ನಡುವೆ ಲಾಟರಿ ಎತ್ತುತ್ತಿದೆ ಎಂದು ತಿಳಿಸಿ.

ಸದಸ್ಯರಿಗೆ ಗೌರವಧನ ಕೊಡಿ. ಸಲಹೆಗಾರರಿಗೆ, ಆಡಿಟರಿಗೆ ಹಣ ಕೊಡುವ ದಾನಿಗಳು, ತಮ್ಮ ಬದುಕಿನ ಅನುಭವವನ್ನೇ ತಂದು ಮೇಜಿನ ಮೇಲಿಡುವವರಿಂದ ಉಚಿತ ಸೇವೆ ಬಯಸುವುದು ಅನ್ಯಾಯ. ಅಂದಿನ ಕೂಲಿ, ಪ್ರಯಾಣದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವವರ ವ್ಯವಸ್ಥೆ, ಕೈಸನ್ನೆ ಭಾಷೆಯ ಅನುವಾದಕರು ಬೇಕಿದ್ದರೆ ಅವರ ಖರ್ಚು, ಇವೆಲ್ಲ ಬಜೆಟ್ಟಿನಲ್ಲಿ ಮೊದಲೇ ಸೇರಿರಲಿ. ಸಭೆಯ ಹೊತ್ತು ದುಡಿಯುವವರಿಗೆ ಹೊಂದುವಂತಿರಲಿ. ಅವರಾಡುವ ಭಾಷೆಯಲ್ಲೇ ಸಭೆ ನಡೆಯಲಿ.

ಸಭೆ ನಡೆಸುವ ಬಗೆಯೂ ಮುಖ್ಯ. ಚರ್ಚೆಗೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ಪ್ರತಿ ಅರ್ಜಿಗೆ ತಮ್ಮಷ್ಟಕ್ಕೆ ಅಂಕ ಹಾಕಿ ಚೀಟಿ ಮಡಚಿ ಇಡಲಿ. ಆಮೇಲೆ ಚರ್ಚೆ, ಆಮೇಲೆ ಮತ್ತೊಮ್ಮೆ ಅಂಕ. ಹೀಗೆ ಮಾಡಿದರೆ ಜೋರು ದನಿಯವರ ಅಭಿಪ್ರಾಯವೇ ಸಭೆಯ ಅಭಿಪ್ರಾಯ ಆಗುವುದು ತಪ್ಪುತ್ತದೆ. ಓದು ಬರಹ ಬಾರದವರಿದ್ದರೆ ಅಂಕದ ಬದಲು ಬಣ್ಣದ ಬಿಲ್ಲೆಗಳನ್ನು ಡಬ್ಬಿಗೆ ಹಾಕುವ ವಿಧಾನ ಬಳಸಿ. ದಾನಿಗಳ ಕಡೆಯವರು ಸಭೆಯಲ್ಲಿದ್ದರೆ ಕೊನೆಯಲ್ಲಿ ಮಾತನಾಡಲಿ. ಹಣವಿರುವವರ ಹುಬ್ಬು ಕೊಂಚ ಮೇಲೆ ಹೋದರೂ ಕೋಣೆ ಅದನ್ನು ಗಮನಿಸುತ್ತದೆ.

ಸ್ವಹಿತಾಸಕ್ತಿಯ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಕಡೆ, ಅರ್ಜಿ ಹಾಕಿದವರು ಸದಸ್ಯರಿಗೆ ನೆಂಟರೋ ಗೆಳೆಯರೋ ಆಗಿರುವುದು ಸಹಜ. ಇದನ್ನೇ ನೆಪ ಮಾಡಿಕೊಂಡು ಸಮುದಾಯದಿಂದ ಇಂಥ ಕೆಲಸ ಆಗದು ಎನ್ನುವವರಿಗೆ ನನ್ನ ಉತ್ತರ: ದಾನಿಗಳ ಮಂಡಳಿಯಲ್ಲೂ ಇಂಥ ಸಂಬಂಧಗಳಿರುತ್ತವೆ, ಅಲ್ಲಿ ಅವು ಕಾಣುವುದಿಲ್ಲ ಅಷ್ಟೆ. ನಿಯಮ ಸರಳವಾಗಿರಲಿ. ಸಂಬಂಧವಿದ್ದರೆ ಸಭೆ ಶುರುವಾಗುವಾಗಲೇ ಹೇಳಬೇಕು, ಆ ಅರ್ಜಿಯ ಚರ್ಚೆ ನಡೆಯುವಾಗ ಹೊರಗಿರಬೇಕು, ಅದಕ್ಕೆ ಅಂಕ ಹಾಕಬಾರದು, ಇದೆಲ್ಲ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಸದಸ್ಯತ್ವದ ಅವಧಿ ಎರಡು ವರ್ಷ ಇರಲಿ, ಪ್ರತಿವರ್ಷ ಅರ್ಧದಷ್ಟು ಜನ ಬದಲಾಗಲಿ. ಆಗ ಹಳಬರಿಂದ ಹೊಸಬರು ಕೆಲಸ ಕಲಿಯುತ್ತಾರೆ, ಯಾರ ಕೈಯಲ್ಲೂ ಅಧಿಕಾರ ಗಟ್ಟಿಯಾಗುವುದಿಲ್ಲ.

ಇನ್ನೊಂದು ಮಾತು. ಇಲ್ಲ ಎಂದು ಹೇಳುವ ಕಷ್ಟ ಸಮಿತಿಯವರ ಮೇಲೆ ಬೀಳದಂತೆ ನೋಡಿಕೊಳ್ಳಿ. ಅನುದಾನ ಸಿಗದವರನ್ನು ಅವರು ನಾಳೆ ಬೆಳಿಗ್ಗೆ ಬೀದಿಯಲ್ಲಿ ಎದುರಿಸಬೇಕು. ಪತ್ರ ನಿಧಿಯ ಕಚೇರಿಯಿಂದಲೇ ಹೋಗಲಿ. ಕಾರಣಗಳು ಸ್ಪಷ್ಟವಾಗಿರಲಿ, ಯಾರು ಎಷ್ಟು ಅಂಕ ಹಾಕಿದರು ಎಂಬುದು ಗುಟ್ಟಾಗಿಯೇ ಇರಲಿ.

ಹೆಜ್ಜೆ 4: ಅರ್ಜಿಯ ಖರ್ಚನ್ನು ಲೆಕ್ಕ ಹಾಕಿ

ಒಂದು ಸಂಸ್ಥೆಗೆ ನೂರು ಕೊಟ್ಟಿರಿ ಎಂದುಕೊಳ್ಳಿ. ಆ ನೂರನ್ನು ಪಡೆಯಲು, ಅದರ ಲೆಕ್ಕ ಒಪ್ಪಿಸಲು ಅವರಿಗೆ ಮೂವತ್ತರಷ್ಟು ದುಡಿಮೆ ಖರ್ಚಾದರೆ ನೀವು ನಿಜಕ್ಕೂ ಕೊಟ್ಟದ್ದು ಎಪ್ಪತ್ತು. ಅನುದಾನ ಸಿಗದವರ ಶ್ರಮವನ್ನೂ ಇದಕ್ಕೆ ಸೇರಿಸಿ. ಒಂದು ಅನುದಾನಕ್ಕೆ ಐವತ್ತು ಅರ್ಜಿ ಬಂದು, ಪ್ರತಿ ಅರ್ಜಿಗೂ ಎರಡು ದಿನ ಹಿಡಿದರೆ ಒಟ್ಟು ನೂರು ದಿನದ ಕೆಲಸ. ಅದರಲ್ಲಿ ತೊಂಬತ್ತೆಂಟು ದಿನಗಳಿಂದ ಯಾರಿಗೂ ಏನೂ ಸಿಗಲಿಲ್ಲ. ಸಣ್ಣ ಮೊತ್ತದ ಅನುದಾನಕ್ಕೆ ಉದ್ದದ ಅರ್ಜಿ ಕೇಳಿದರೆ ಇಡೀ ಕ್ಷೇತ್ರಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿರಬಹುದು.

ಹಾಗಾಗಿ ಅರ್ಜಿಯನ್ನು ಎರಡು ಹಂತ ಮಾಡಿ. ಮೊದಲ ಹಂತದಲ್ಲಿ ಅರ್ಧ ಪುಟ, ಅಥವಾ ಫೋನಿನಲ್ಲಿ ಐದು ನಿಮಿಷದ ಧ್ವನಿಮುದ್ರಣ. ನೀವು ಯಾರು, ಏನು ಮಾಡುತ್ತಿದ್ದೀರಿ, ಹಣ ಸಿಕ್ಕರೆ ಏನು ಬದಲಾಗುತ್ತದೆ, ಇಷ್ಟು ಸಾಕು. ಅನುದಾನ ಸಿಗುವ ಸಾಧ್ಯತೆ ಚೆನ್ನಾಗಿರುವವರನ್ನು ಮಾತ್ರ ಎರಡನೆಯ ಹಂತಕ್ಕೆ ಕರೆಯಿರಿ. ಆ ಹಂತದಲ್ಲೂ ಅವರು ಮಾತನಾಡಲಿ, ನಿಮ್ಮ ಕಡೆಯವರು ಬರೆದುಕೊಳ್ಳಲಿ, ಬರೆದದ್ದನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಲಿ. ಚೆಂದದ ಪ್ರಸ್ತಾವನೆ ಬರೆಯುವ ಸಾಮರ್ಥ್ಯಕ್ಕೂ ಚೆಂದದ ಕೆಲಸ ಮಾಡುವ ಸಾಮರ್ಥ್ಯಕ್ಕೂ ಸಂಬಂಧ ಕಡಿಮೆ.

ಹೆಜ್ಜೆ 5: ಹಣ ಯಾವ ರೂಪದಲ್ಲಿ ಹೋಗಬೇಕು

ಹಲವು ವರ್ಷಗಳಿಗೆ, ನಿರ್ದಿಷ್ಟ ಯೋಜನೆಗೆ ಕಟ್ಟುಬೀಳದಂತೆ. ಮೂರು ವರ್ಷಕ್ಕಿಂತ ಕಡಿಮೆ ಅವಧಿಯ ಅನುದಾನದಲ್ಲಿ ಮೊದಲ ವರ್ಷ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದರಲ್ಲಿ, ಕೊನೆಯ ವರ್ಷ ಮುಂದಿನ ಹಣ ಹುಡುಕುವುದರಲ್ಲಿ ಹೋಗುತ್ತದೆ. ಮೂರು ವರ್ಷ ಕನಿಷ್ಠ, ಐದಾದರೆ ಒಳ್ಳೆಯದು.

ಯೋಜನೆಗೆಂದೇ ಕೊಡುವ ಹಣದ ತೊಂದರೆ ಏನೆಂದರೆ, ಬಾಡಿಗೆ, ಲೆಕ್ಕಿಗರ ಸಂಬಳ, ವಿದ್ಯುತ್ ಬಿಲ್, ಕಂಪ್ಯೂಟರ್ ರಿಪೇರಿ ಇವುಗಳಿಗೆ ಯಾರೂ ಹಣ ಕೊಡುವುದಿಲ್ಲ. ಎಲ್ಲರೂ ಆಡಳಿತ ವೆಚ್ಚ ಕಡಿಮೆ ಇರುವ ಸಂಸ್ಥೆಯನ್ನೇ ಒಳ್ಳೆಯ ಸಂಸ್ಥೆ ಎಂದು ಹೊಗಳುತ್ತಾರೆ. ಅದಕ್ಕೆ ಸಂಸ್ಥೆಗಳು ನಿಜವಾದ ವೆಚ್ಚವನ್ನು ಮುಚ್ಚಿಟ್ಟು ಕಡಿಮೆ ತೋರಿಸುತ್ತವೆ, ಅದನ್ನು ನೋಡಿದ ದಾನಿಗಳು ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ, ಸಂಸ್ಥೆ ಒಳಗಿನಿಂದ ಸೊರಗುತ್ತಾ ಹೋಗುತ್ತದೆ. 2013ರಲ್ಲಿ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಅಮೆರಿಕದ ಮೂರು ಮೌಲ್ಯಮಾಪನ ಸಂಸ್ಥೆಗಳು ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ಕೇಳಿಕೊಂಡವು. ಆ ಅಳತೆಯನ್ನು ಬಳಕೆಗೆ ತಂದವರ ಸಾಲಿನಲ್ಲಿದ್ದವರೇ ಹೀಗೆ ಹೇಳಿದ್ದರು ಎಂಬುದಕ್ಕೆ ಬೆಲೆಯಿದೆ.

ಹಣ ಕೈಗೆ ಸಿಕ್ಕರೆ ಜನ ಹಾಳು ಮಾಡುತ್ತಾರೆ ಎಂಬ ಅನುಮಾನವನ್ನೂ ಇಲ್ಲೇ ಎದುರಿಸೋಣ. ಬಡ ಕುಟುಂಬಗಳಿಗೆ ನೇರವಾಗಿ ನಗದು ಕೊಟ್ಟ ಕಾರ್ಯಕ್ರಮಗಳ ಬಗ್ಗೆ ಬೇರೆ ಬೇರೆ ಖಂಡಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ಪತ್ರವನ್ನು ವಿಶ್ವಬ್ಯಾಂಕ್ 2014ರಲ್ಲಿ ಪ್ರಕಟಿಸಿತು. ಮದ್ಯ, ತಂಬಾಕಿನ ಮೇಲಿನ ಖರ್ಚು ಹೆಚ್ಚಿದ್ದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಎಷ್ಟೋ ಕಡೆ ಆ ಖರ್ಚು ಕಡಿಮೆಯೇ ಆಗಿತ್ತು.

ನೋಂದಣಿಯೇ ಇಲ್ಲದ ಗುಂಪುಗಳಿಗೆ ಕೊಡುವುದು ಹೇಗೆ? ಅತಿ ಒಳ್ಳೆಯ ಕೆಲಸ ಎಷ್ಟೋ ಸಲ ಇಂಥ ಗುಂಪುಗಳಿಂದಲೇ ಆಗುತ್ತಿರುತ್ತದೆ. ಆ ಗುಂಪು ತಾನೇ ನಂಬುವ ಒಂದು ನೋಂದಾಯಿತ ಸಂಸ್ಥೆಯನ್ನು ಆರಿಸಲಿ, ಹಣ ಅದರ ಖಾತೆಗೆ ಬರಲಿ, ಲೆಕ್ಕ ಅದು ಇಡಲಿ, ತೀರ್ಮಾನ ಮಾತ್ರ ಗುಂಪಿನದಾಗಿರಲಿ. ಬಿಗ್ ಲೋಕಲ್‌ನಲ್ಲಿ ನಿವಾಸಿಗಳ ಗುಂಪುಗಳು ನಡೆದದ್ದು ಹೀಗೆಯೇ. ಖಾತೆ ನೋಡಿಕೊಳ್ಳುವ ಸಂಸ್ಥೆಗೆ ಅದರ ಶ್ರಮಕ್ಕೆ ತಕ್ಕ ಶುಲ್ಕ ಕೊಡಿ. ಇಬ್ಬರ ನಡುವೆ ಯಾರ ಕೆಲಸ ಯಾವುದು ಎಂಬ ಒಂದು ಪುಟದ ಒಪ್ಪಂದವಾಗಲಿ.

ಆದರೆ ಕಾನೂನು ತಿಳಿದ ಒಬ್ಬರನ್ನು ಮೊದಲೇ ಕೇಳಿ. ಭಾರತದಲ್ಲಿ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಆ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅಮೆರಿಕದ ಖಾಸಗಿ ಪ್ರತಿಷ್ಠಾನಗಳು ವಿದೇಶಿ ಸಂಸ್ಥೆಗೆ ಕೊಡುವಾಗ ಹೆಚ್ಚುವರಿ ಪರಿಶೀಲನೆ ನಡೆಸಬೇಕು. ಪ್ರತಿ ದೇಶಕ್ಕೂ ಇಂಥ ಗೆರೆಗಳಿವೆ. ಕಾನೂನು ನಿಜಕ್ಕೂ ಕೇಳುವುದೆಷ್ಟು, ನಿಮ್ಮ ಕಚೇರಿ ರೂಢಿಯಿಂದ ಕೇಳುತ್ತಾ ಬಂದದ್ದೆಷ್ಟು ಎಂದು ಬೇರೆ ಬೇರೆ ಪಟ್ಟಿ ಮಾಡಿ ನೋಡಿ. ಎರಡನೆಯ ಪಟ್ಟಿ ಉದ್ದವಿರುತ್ತದೆ.

ಹೆಜ್ಜೆ 6: ಒಪ್ಪಂದ

ಎರಡು ಪುಟ ಸಾಕು, ಪಡೆಯುವವರ ಭಾಷೆಯಲ್ಲಿ. ಮೊತ್ತ, ಕಂತಿನ ದಿನಾಂಕ, ಕಾನೂನು ಕೇಳುವ ಷರತ್ತುಗಳು, ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು. ದಾನಿಯ ಕರ್ತವ್ಯಗಳೂ ಅದರಲ್ಲಿರಲಿ: ಇಂತಿಷ್ಟು ದಿನದೊಳಗೆ ಹಣ ಹಾಕುತ್ತೇವೆ, ಪತ್ರಕ್ಕೆ ಇಂತಿಷ್ಟು ದಿನದಲ್ಲಿ ಉತ್ತರಿಸುತ್ತೇವೆ, ನಿಮ್ಮ ಕಾರ್ಯಕ್ರಮದಲ್ಲಿ ನಮ್ಮ ಫಲಕ ಹಾಕಲು ಒತ್ತಾಯಿಸುವುದಿಲ್ಲ.

ಹೆಜ್ಜೆ 7: ಲೆಕ್ಕ ಯಾರಿಗೆ ಒಪ್ಪಿಸಬೇಕು

ವರದಿ ಬೇಡ ಎಂದು ಹೇಳುವುದಿಲ್ಲ. ಯಾರ ಪ್ರಶ್ನೆಗೆ ಉತ್ತರಿಸುವ ವರದಿ ಎಂಬುದು ವಿಚಾರ. ವರ್ಷಕ್ಕೆರಡು ಬಾರಿ ಒಂದು ಗಂಟೆಯ ಮಾತುಕತೆ ಇಟ್ಟುಕೊಳ್ಳಿ. ಏನು ನಡೆಯಿತು, ಅಂದುಕೊಂಡ ಹಾಗೆ ಯಾವುದು ಆಗಲಿಲ್ಲ, ಮುಂದೆ ಏನನ್ನು ಬದಲಿಸುತ್ತೀರಿ, ನಮ್ಮಿಂದ ಏನು ಬೇಕು. ಟಿಪ್ಪಣಿ ನಿಮ್ಮ ಸಿಬ್ಬಂದಿ ಬರೆಯಲಿ. ವರ್ಷಕ್ಕೊಮ್ಮೆ ಸಂಸ್ಥೆ ತನ್ನ ಅಗತ್ಯಕ್ಕೆ ಹೇಗೂ ಮಾಡಿಸುವ ಆಡಿಟ್ ವರದಿಯ ಪ್ರತಿ ಪಡೆಯಿರಿ. ಬೇರೆ ದಾನಿಗೆ ಬರೆದ ವರದಿಯಿದ್ದರೆ ಅದೇ ಸಾಕು.

ಇದಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇದೆ. ಹಣ ಯಾರ ಹೆಸರಿನಲ್ಲಿ ಬಂತೋ ಆ ಜನರೆದುರು ಅದರ ಲೆಕ್ಕ ಓದಬೇಕು. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘಟನೆ ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿತು. ಕಾಗದದಲ್ಲಿ ಕೂಲಿ ಪಡೆದವರು ಅಲ್ಲೇ ಎದ್ದು ನಿಂತು ತಮಗೆ ಸಿಕ್ಕಿದ್ದು ಎಷ್ಟು ಎಂದು ಹೇಳಿದರು. ಅಂಥ ಜನ ಸುನವಾಯಿಗಳ, ಅಂದರೆ ಜನರೆದುರಿನ ವಿಚಾರಣಾ ಸಭೆಗಳ, ಬಲದಿಂದಲೇ ಮುಂದೆ ದೇಶದಲ್ಲಿ ಮಾಹಿತಿ ಹಕ್ಕಿನ ಹೋರಾಟ ಬೆಳೆಯಿತು. ದೂರದ ಕಚೇರಿಯಲ್ಲಿ ಕೂತ ಲೆಕ್ಕಪರಿಶೋಧಕರಿಗೆ ರಸೀದಿ ಸರಿಯಿದೆಯೇ ಎಂದು ಮಾತ್ರ ಗೊತ್ತಾಗುತ್ತದೆ. ಆ ಬಾವಿ ತೋಡಿದರೇ ಇಲ್ಲವೇ ಎಂದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ನಿಮ್ಮ ಅನುದಾನದ ಮೊತ್ತ, ಉದ್ದೇಶ, ಅವಧಿಯನ್ನು ಅಲ್ಲಿನ ಜನ ಓದುವ ಜಾಗದಲ್ಲಿ ಹಾಕಿಸಿ. ವರ್ಷಕ್ಕೊಮ್ಮೆ ಲೆಕ್ಕದ ಸಭೆ ನಡೆಯಲಿ, ಅದರ ಖರ್ಚು ನಿಮ್ಮದಿರಲಿ. ಆದರೆ ಹೆಸರು ಹೊರಬಂದರೆ ಅಪಾಯಕ್ಕೆ ಸಿಲುಕುವ ಗುಂಪುಗಳಿರುತ್ತವೆ. ಅಂಥ ಕಡೆ ಏನನ್ನು ಪ್ರಕಟಿಸಬೇಕು ಎಂದು ಅವರನ್ನು ಕೇಳಿಯೇ ಮುಂದುವರಿಯಿರಿ.

ಹಣ ದುರ್ಬಳಕೆಯಾದರೆ? ಆಗುತ್ತದೆ, ಆಗೊಮ್ಮೆ ಈಗೊಮ್ಮೆ. ನೂರು ಪುಟದ ವರದಿ ಕೇಳುವ ದಾನಿಗಳಿಗೂ ಆಗುತ್ತದೆ. ಶುರುವಿನಲ್ಲೇ ಕೆಲವನ್ನು ಖಚಿತಪಡಿಸಿಕೊಳ್ಳಿ: ಖಾತೆ ಸಂಸ್ಥೆಯ ಹೆಸರಿನಲ್ಲಿದೆಯೇ, ಹಣ ತೆಗೆಯಲು ಇಬ್ಬರ ಸಹಿ ಬೇಕೇ, ಆ ಇಬ್ಬರು ಒಂದೇ ಕುಟುಂಬದವರಲ್ಲ ತಾನೇ. ನಂತರ ಕಣ್ಣಿಡಬೇಕಾದ ಲಕ್ಷಣಗಳು ಬೇರೆ. ಅನುಭವಿ ಸಿಬ್ಬಂದಿ ಒಬ್ಬರ ಹಿಂದೊಬ್ಬರು ಬಿಟ್ಟು ಹೋಗುವುದು, ಜನರಿಗೆ ಲೆಕ್ಕ ತೋರಿಸಲು ಸಂಸ್ಥೆ ಹಿಂಜರಿಯುವುದು, ಮಾತುಕತೆಗೆ ಸದಾ ಒಬ್ಬರೇ ಬರುವುದು. ವರದಿ ತಡವಾಗುವುದು ಸಾಮಾನ್ಯವಾಗಿ ಕೆಲಸ ಹೆಚ್ಚಾದುದರ ಗುರುತು, ಕಳ್ಳತನದ ಗುರುತಲ್ಲ.

ಅನುಮಾನ ಬಂದರೆ ಮೊದಲು ಅವರನ್ನೇ ನೇರವಾಗಿ ಕೇಳಿ. ಉತ್ತರ ಸಾಲದಿದ್ದರೆ ಮುಂದಿನ ಕಂತು ತಡೆದು, ಎರಡೂ ಕಡೆಯವರು ಒಪ್ಪುವ ಲೆಕ್ಕಪರಿಶೋಧಕರನ್ನು ನಿಮ್ಮ ಖರ್ಚಿನಲ್ಲಿ ಕಳುಹಿಸಿ. ತಪ್ಪು ಸಾಬೀತಾದರೆ ಕಾನೂನು ಪ್ರಕಾರ ನಡೆದುಕೊಳ್ಳಿ, ಸಮುದಾಯಕ್ಕೂ ತಿಳಿಸಿ. ಒಂದನ್ನು ಮಾತ್ರ ಮಾಡಬೇಡಿ: ಒಬ್ಬರ ತಪ್ಪಿಗಾಗಿ ಉಳಿದ ಎಲ್ಲರ ಮೇಲೂ ಹೊಸ ನಮೂನೆ ಹೇರಬೇಡಿ. ಹಳೆಯ ಕಾಗದದ ಬೆಟ್ಟ ಬೆಳೆದದ್ದು ಹೀಗೆ ಒಂದೊಂದೇ ಪ್ರಕರಣಕ್ಕೆ ಒಂದೊಂದೇ ನಮೂನೆ ಸೇರುತ್ತಾ.

ಹೆಜ್ಜೆ 8: ನಿಮ್ಮ ಬಗ್ಗೆ ಅವರಿಗೆ ಏನನಿಸುತ್ತದೆ ಎಂದು ಕೇಳಿ

ಹಣ ಪಡೆಯುವವರು ಎದುರಿಗೆ ಒಳ್ಳೆಯ ಮಾತನ್ನೇ ಆಡುತ್ತಾರೆ. ಅದು ಅವರ ತಪ್ಪಲ್ಲ. ವರ್ಷಕ್ಕೊಮ್ಮೆ ಹೊರಗಿನ ಒಬ್ಬರ ಮೂಲಕ, ಹೆಸರು ಬಯಲಾಗದಂತೆ ಕೇಳಿಸಿ: ನಮ್ಮ ಜೊತೆ ಕೆಲಸ ಮಾಡುವುದರಲ್ಲಿ ನಿಮ್ಮ ಎಷ್ಟು ಸಮಯ ಹೋಯಿತು, ಯಾವುದು ಕಿರಿಕಿರಿ, ಯಾವ ಮಾತನ್ನು ನಮಗೆ ಹೇಳಲು ಹೆದರುತ್ತೀರಿ. ಅನುದಾನ ಸಿಗದವರನ್ನೂ ಕೇಳಿಸಿ, ಅವರು ಹೆಚ್ಚು ಬಿಚ್ಚಿ ಮಾತನಾಡುತ್ತಾರೆ. ಬಂದ ಉತ್ತರಗಳನ್ನು, ಅದರಿಂದ ನೀವು ಏನು ಬದಲಿಸಿದಿರಿ ಎಂಬುದನ್ನು ಎಲ್ಲರಿಗೂ ಕಳುಹಿಸಿ.

ಹಣವಲ್ಲದ ನೆರವು, ಅಂದರೆ ಬೇರೆ ದಾನಿಗಳ ಪರಿಚಯ, ವಕೀಲರ ಸಲಹೆ, ಲೆಕ್ಕ ಇಡುವ ತರಬೇತಿ ಕೊಡುವುದಿದ್ದರೆ ಪಟ್ಟಿ ಮುಂದಿಟ್ಟು ಬಿಟ್ಟುಬಿಡಿ. ಬೇಡ ಎಂದರೆ ಅನುದಾನಕ್ಕೆ ಏನೂ ಆಗುವುದಿಲ್ಲ ಎಂಬುದು ಅವರಿಗೆ ಖಚಿತವಾಗಿರಬೇಕು.

ಹೆಜ್ಜೆ 9: ಹೊರಡುವ ಬಗೆ

ದೊಡ್ಡ ಭರವಸೆಗಳು ಮಾತಿನಲ್ಲೇ ಉಳಿದುಹೋಗುವುದನ್ನು ಈ ಕ್ಷೇತ್ರ ಕಂಡಿದೆ. 2016ರ ಇಸ್ತಾಂಬುಲ್ ಸಮ್ಮೇಳನದಲ್ಲಿ ದಾನಿ ದೇಶಗಳೂ ದೊಡ್ಡ ನೆರವು ಸಂಸ್ಥೆಗಳೂ ಗ್ರ್ಯಾಂಡ್ ಬಾರ್ಗೇನ್ ಎಂಬ ಒಪ್ಪಂದ ಮಾಡಿಕೊಂಡು, ಮಾನವೀಯ ನೆರವಿನ ಶೇ 25ರಷ್ಟನ್ನು 2020ರೊಳಗೆ ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ತಲುಪಿಸುವ ಗುರಿ ಹಾಕಿಕೊಂಡವು. ಒಟ್ಟು ನೆರವಿನಲ್ಲಿ ಆ ಗುರಿ ಮುಟ್ಟಲಿಲ್ಲ. ಅದಕ್ಕೇ ನೀವು ಎಷ್ಟು ವರ್ಷ ಇರುತ್ತೀರಿ ಎಂದು ಮೊದಲ ದಿನ ಹೇಳಿದಿರೋ ಅಷ್ಟು ವರ್ಷ ಇರಿ. ವಿಟ್‌ಮನ್ ಇನ್‌ಸ್ಟಿಟ್ಯೂಟ್ ತನ್ನ ಹಣವನ್ನೆಲ್ಲ ಹಂಚಿ ಮುಗಿಸುವುದಾಗಿ ವರ್ಷಗಳ ಮೊದಲೇ ತಿಳಿಸಿ, ಹೇಳಿದಂತೆ 2022ರಲ್ಲಿ ಬಾಗಿಲು ಹಾಕಿತು.

ಅನುದಾನ ನಿಲ್ಲಿಸುವುದಿದ್ದರೆ ಕನಿಷ್ಠ ಒಂದು ವರ್ಷ ಮೊದಲು ಬರವಣಿಗೆಯಲ್ಲಿ ತಿಳಿಸಿ, ಕಾರಣವನ್ನೂ ಬರೆಯಿರಿ. ಕೊನೆಯ ಕಂತು ಹಿಂದಿನವುಗಳಿಗಿಂತ ಚಿಕ್ಕದಾಗಿರಬಾರದು. ಸಾಧ್ಯವಿದ್ದರೆ ಆರು ತಿಂಗಳ ಸಂಬಳಕ್ಕಾಗುವಷ್ಟು ಮೀಸಲು ನಿಧಿಯನ್ನು ಪ್ರತ್ಯೇಕವಾಗಿ ಕೊಡಿ. ತೀರ್ಮಾನಿಸುವ ಗುಂಪು ನಿಮ್ಮ ನಿಧಿಯಿಲ್ಲದೆಯೂ ಮುಂದುವರಿಯಲು ಬಯಸಿದರೆ ಅದರ ನಿಯಮಾವಳಿ, ನಡಾವಳಿ ಪುಸ್ತಕ, ಅಂಕ ಹಾಕುವ ವಿಧಾನ ಎಲ್ಲವೂ ಅವರ ಸ್ವತ್ತೆಂದು ಬರೆದುಕೊಡಿ. ಸಮಿತಿಯ ಸದಸ್ಯರ ಹೆಸರುಗಳನ್ನು, ಅವರು ಒಪ್ಪಿದರೆ, ನಿಮಗೆ ಗೊತ್ತಿರುವ ಬೇರೆ ದಾನಿಗಳಿಗೆ ಕಳುಹಿಸಿ. ಅನುದಾನ ಹಂಚಿದ ಅನುಭವ ಇರುವವರು ಯಾವ ನಿಧಿಗೂ ಸುಲಭವಾಗಿ ಸಿಗುವುದಿಲ್ಲ.